ಅವ್ವನ ಗುಳಿಗೆ, ಗೌಡರ ಎತ್ತು, ರಣಹದ್ದು

ನಮ್ಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಹೆಬ್ಬೆಟ್ಟು. ಆದರೆ ಒಂದು ಇಂಗ್ಲಿಷ್ ಔಷಧಿಯ ಹೆಸರು ಮಾತ್ರ ಅವಳ ನಾಲಗೆಯ ಮೇಲೆ ಸಲೀಸಾಗಿ ಆಡುತ್ತಿತ್ತು. ಸಂಜೆ ಕೂಲಿ ಬಿಟ್ಟು ಬರುವಾಗ ಊರಬಾಗಿಲ ಅಂಗಡಿಯ ಕಟ್ಟೆಯ ಕೆಳಗೆ ನಿಂತು ಅವಳು ಕೇಳುತ್ತಿದ್ದ ಸಾಮಾನಿನ ಪಟ್ಟಿ ನನಗೆ ಈಗಲೂ ನೆನಪಿದೆ. ಎಲೆ, ಅಡಿಕೆ, ಕಡ್ಡಿಪುಡಿ, ಒಂದು ಬೆಂಕಿಪೊಟ್ಟಣ, ಎರಡು ಡೈಕ್ಲೋ. ಅಂಗಡಿಯವನು ಗುಳಿಗೆ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಎರಡನ್ನು ಮೇಲಿನಿಂದ ಅವಳ ಸೆರಗಿಗೆ ಉದುರಿಸುತ್ತಿದ್ದ. ಎಲೆ ಅಡಿಕೆಯನ್ನೂ ಹಾಗೆಯೇ ಉದುರಿಸುತ್ತಿದ್ದ. ಔಷಧಿ ಅಂತ ಅದಕ್ಕೇನೂ ಬೇರೆ ಮರ್ಯಾದೆ ಇರಲಿಲ್ಲ.

ಇದು 1995-96ರ ಮಾತು. ನಮ್ಮೂರು ರಾಮನಗರದ ಸೀಮೆಯದು. ರಾಗಿ, ಹಿಪ್ಪುನೇರಳೆ, ಮಿಕ್ಕಿದ್ದೆಲ್ಲ ಬಂಡೆ. ಹೆಣ್ಣಾಳಿಗೆ ಆಗ ದಿನಕ್ಕೆ 20 ರೂಪಾಯಿ ಕೂಲಿ. ಗುಳಿಗೆ ಒಂದಕ್ಕೆ ಎಂಟಾಣೆ. ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿದ ಸೊಂಟ ಎತ್ತದೆ ಕಳೆ ಕಿತ್ತವಳು ಆ ಇಪ್ಪತ್ತರಲ್ಲಿ ಒಂದು ರೂಪಾಯಿಯನ್ನು, ನಾಳೆಯ ಕೂಲಿಗೆ ಮೈ ಏಳಲಿ ಅಂತ, ಇವತ್ತೇ ಕಟ್ಟಬೇಕಾಗಿತ್ತು. ಎತ್ತಿಗಾದರೆ ಹುಲ್ಲು, ಬೂಸ, ಹಿಂಡಿ ಎಲ್ಲ ಗೌಡರ ಖರ್ಚು. ಎತ್ತು ಕುಂಟಿದರೆ ಅದರ ಇಂಜೆಕ್ಷನ್ನೂ ಗೌಡರ ಖರ್ಚು. ಆಳಿನ ಮೈ ರಿಪೇರಿ ಮಾತ್ರ ಆಳಿನದೇ ಖರ್ಚು.

ಗುಳಿಗೆಗೂ ಬಗ್ಗದ ನೋವಾದರೆ ಸೂಜಿ. ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ 'ಡಾಕ್ಟ್ರು' ಇದ್ದ. ಏನು ಓದಿದ್ದನೋ ಗೊತ್ತಿಲ್ಲ. ಊರೊಳಗೆ ಜಗಲಿಯ ಮೇಲೆ ಕೂತು ಹತ್ತಿಗೆ ಸ್ಪಿರಿಟ್ ಅದ್ದಿ ಚರ್ಮ ಒರೆಸಿ ಸೂಜಿ ಹಾಕುತ್ತಿದ್ದ. ನಮ್ಮ ಕೇರಿಗೆ ಬಂದರೆ ಸೈಕಲ್ಲು ಇಳಿಯುತ್ತಲೇ ಇರಲಿಲ್ಲ. ಒಂದು ಕಾಲು ಕಲ್ಲಿನ ಮೇಲೆ ಊರಿಕೊಂಡು, "ತಿರುಕ್ಕೋ" ಅಂದು, ಸೀರೆಯ ಮೇಲೇ ಚುಚ್ಚುತ್ತಿದ್ದ. ಅವ್ವನ ಹಳೇ ಸೀರೆಗಳಲ್ಲಿ ಸೊಂಟದ ಕೆಳಗೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿದ್ದವು. ಒಗೆದರೂ ಹೋಗುತ್ತಿರಲಿಲ್ಲ. ಮುಟ್ಟದೆ ಚುಚ್ಚುವ ಆ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನಾ ಕಾಣೆ. ಸೂಜಿ ಬಿದ್ದ ಮಾರನೇ ದಿನ ಅವ್ವ ಮತ್ತೆ ಕಳೆಗೆ ಹೋಗುತ್ತಿದ್ದಳು. "ಕೈ ಇಟ್ಟಂಗ್ ವಾಸಿ ಆಯ್ತು ಕಣ್ಲಾ ಮಗ" ಅನ್ನುತ್ತಿದ್ದಳು. ಕೈ ಇಟ್ಟೇ ಇರಲಿಲ್ಲ ಅವನು.

ಗೆಳೆಯರೆ, ಆ ಗುಳಿಗೆಯ ಪೂರಾ ಹೆಸರು ಡೈಕ್ಲೋಫೆನಾಕ್. ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ ಹುಟ್ಟಿ 1970ರ ದಶಕದ ನಡುವಿನಲ್ಲಿ ಮಾರುಕಟ್ಟೆಗೆ ಬಂದದ್ದು. ಕೀಲುವಾತ, ಮಂಡಿ ಸವೆತ, ಬೆನ್ನುಹುರಿ ಬಿಗಿಯುವ ಕಾಯಿಲೆ, ಗೌಟು, ಮುಟ್ಟಿನ ನೋವು, ಆಪರೇಷನ್ ಆದ ಮೇಲಿನ ನೋವು, ಮೂತ್ರಪಿಂಡದ ಕಲ್ಲಿನ ನೋವು, ಇವಕ್ಕೆಲ್ಲ ಲೋಕದಾದ್ಯಂತ ಕೊಡುತ್ತಾರೆ. ಕೆಟ್ಟ ಔಷಧಿಯಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿ ಯಾರಾದರೂ ಇಂಗ್ಲಿಷ್ ಔಷಧಿಯೇ ಬೇಡ, ಗಿಡಮೂಲಿಕೆ ಅರೆದು ಕುಡಿಯೋಣ ಅಂದುಕೊಂಡಾರು. ನನಗೇ ಒಮ್ಮೆ ಮೂತ್ರಪಿಂಡದಲ್ಲಿ ಕಲ್ಲು ಆಗಿ ರಾತ್ರಿ ಎರಡು ಗಂಟೆಯಲ್ಲಿ ನೆಲದ ಮೇಲೆ ಹೊರಳಾಡಿದ್ದೇನೆ. ಆವತ್ತು ಆಸ್ಪತ್ರೆಯ ನರ್ಸಮ್ಮ ಇದೇ ಡೈಕ್ಲೋಫೆನಾಕಿನ 75 ಮಿಲಿಗ್ರಾಂ ಸೂಜಿಯನ್ನು, ಚರ್ಮ ಒರೆಸಿ, ಕೈ ಇಟ್ಟು, ಹಾಕಿದಳು. ಅರ್ಧ ಗಂಟೆಯಲ್ಲಿ ನಾನು ಮನುಷ್ಯನಾದೆ. ಆ ನೋವಿಗೆ ಅದು ಸರಿಯಾದ ಮದ್ದು. ನನ್ನ ತಕರಾರು ಮದ್ದಿನ ಮೇಲಲ್ಲ.

ಅದು ಮೈಯೊಳಗೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳುವುದಕ್ಕೆ ನನಗೆ ಬಹಳ ವರ್ಷ ಹಿಡಿಯಿತು. ಮೈಗೆ ಏಟು ಬಿದ್ದಲ್ಲಿ, ಕೀಲು ಸವೆದಲ್ಲಿ, ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕಗಳು ತಯಾರಾಗುತ್ತವೆ. ಇವು ಡಂಗುರ ಸಾರುವವರಿದ್ದ ಹಾಗೆ. ಇಲ್ಲಿ ಕೆಟ್ಟಿದೆ, ಇಲ್ಲಿ ಕೆಟ್ಟಿದೆ ಅಂತ ಸಾರುತ್ತವೆ. ಅಲ್ಲಿ ಬಾವು ಬರುತ್ತದೆ, ಬಿಸಿಯಾಗುತ್ತದೆ, ನೋವು ಹೆಚ್ಚುತ್ತದೆ. ಆಸ್ಪಿರಿನ್ ಮತ್ತು ಅದರ ಕುಲದ ಔಷಧಿಗಳು ಈ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಅಂತ ಇಂಗ್ಲೆಂಡಿನ ಜಾನ್ ವೇನ್ ಎಂಬ ವಿಜ್ಞಾನಿ 1971ರಲ್ಲಿ ತೋರಿಸಿಕೊಟ್ಟ. 1982ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಅವನೂ ಒಬ್ಬ. ಡೈಕ್ಲೋಫೆನಾಕ್ ಕೂಡ ಅದೇ ಕೆಲಸ ಮಾಡುವುದು. ಡಂಗುರದವನ ಬಾಯಿ ಕಟ್ಟುತ್ತದೆ. ಸವೆದ ಕೀಲು ಸವೆದೇ ಇರುತ್ತದೆ. (ನಮ್ಮೂರಿನಲ್ಲಿ ಡಂಗುರ ಸಾರುತ್ತಿದ್ದದ್ದೂ ನಮ್ಮ ಕೇರಿಯವರೇ. ಬಾಯಿ ಕಟ್ಟಿಸಿಕೊಂಡವರೂ ಅವರೇ. ಇರಲಿ.)

ಕಷ್ಟ ಇರುವುದು ಎಲ್ಲಿ ಅಂದರೆ, ಅದೇ ಪ್ರೊಸ್ಟಾಗ್ಲಾಂಡಿನ್‌ಗಳು ಮೈಯಲ್ಲಿ ಬೇರೆ ಕೆಲಸವನ್ನೂ ಮಾಡುತ್ತಿರುತ್ತವೆ. ಹೊಟ್ಟೆಯ ಒಳಗೋಡೆಯನ್ನು ಹುಳಿಯಿಂದ ಕಾಯುತ್ತವೆ. ಮೈಯಲ್ಲಿ ನೀರು ಕಮ್ಮಿಯಾದಾಗ ಮೂತ್ರಪಿಂಡಕ್ಕೆ ರಕ್ತ ಹೋಗುವ ನಾಳ ಮುಚ್ಚಿಕೊಳ್ಳದಂತೆ ತೆರೆದಿಡುತ್ತವೆ. ಗುಳಿಗೆ ನುಂಗಿದರೆ ನೋವಿನ ಡಂಗುರದ ಜೊತೆಗೆ ಈ ಕಾವಲೂ ನಿಲ್ಲುತ್ತದೆ. ಫ್ಯಾನಿನ ಕೆಳಗೆ ಕೂತು, ಹೊಟ್ಟೆ ತುಂಬ ಉಂಡು, ನೀರು ಕುಡಿದು, ಐದು ದಿನಕ್ಕೆ ಅಂತ ಗುಳಿಗೆ ನುಂಗುವವನಿಗೆ ಇದು ಅಷ್ಟಾಗಿ ತಿಳಿಯದೇ ಹೋಗಬಹುದು. ಬಿಸಿಲಲ್ಲಿ ಬೆವರು ಬಸಿದು, ಗೌಡರ ಬಾವಿಯ ನೀರನ್ನು ಯಾರಾದರೂ ಎತ್ತಿ ಹುಯ್ಯಲಿ ಅಂತ ಕಾದು, ಅರ್ಧ ಬಾಯಾರಿಕೆಯಲ್ಲೇ ಕಳೆ ಕೀಳುವವಳಿಗೆ? ಅವಳ ಮೂತ್ರಪಿಂಡಕ್ಕೆ ಆ ಕಾವಲು ಎಲ್ಲರಿಗಿಂತ ಹೆಚ್ಚು ಬೇಕು. ಅವಳೇ ಎಲ್ಲರಿಗಿಂತ ಹೆಚ್ಚು ಗುಳಿಗೆ ನುಂಗುತ್ತಿದ್ದಳು.

ಇನ್ನು ಎತ್ತಿನ ವಿಷಯ.

ಗೌಡರ ಮನೆಯಲ್ಲಿ ಒಂದು ಜೋಡಿ ಹಳ್ಳಿಕಾರ್ ಎತ್ತಿದ್ದವು. ಎಡದ ಎತ್ತಿಗೆ ವಯಸ್ಸಾಗಿತ್ತು. ಆ ವರ್ಷ ಮುಂಗಾರು ತಡವಾಗಿ ಬಂದು ಎಲ್ಲರಿಗೂ ಒಟ್ಟಿಗೇ ಉಳುಮೆ. ಎತ್ತಿನ ಹೆಗಲು ಬಾತುಕೊಂಡಿತು, ಮುಂಗಾಲು ಕುಂಟತೊಡಗಿತು. ದನದ ಆಸ್ಪತ್ರೆಯ ಕಡೆಯಿಂದ ಒಬ್ಬಾತ ಬಂದು ಮೂರು ದಿನ ಸೂಜಿ ಹಾಕಿದ. ಎತ್ತು ಎದ್ದು ನಿಂತಿತು, ಉಳುಮೆಯೂ ಮುಗಿಯಿತು. ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸತ್ತುಬಿದ್ದಿತ್ತು.

ಸತ್ತ ದನ ಹೊರಬೇಡಿ ಅಂತ ಆ ಹೊತ್ತಿಗಾಗಲೇ ಸಂಘದ ಹುಡುಗರು ಕೇರಿಯಲ್ಲಿ ಎರಡು ಸಭೆ ಮಾಡಿದ್ದರು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂತ ಹೇಳಿದ್ದನ್ನು ನಮ್ಮ ಕೇರಿ ಅರವತ್ತು ಎಪ್ಪತ್ತು ವರ್ಷ ತಡವಾಗಿ ಕೇಳಿಸಿಕೊಂಡಿತ್ತು. ಬಾಡು ತಿನ್ನುವುದು ನಿಂತಿತ್ತು. ಹೊರುವುದು ಪೂರಾ ನಿಂತಿರಲಿಲ್ಲ. ನಮ್ಮಪ್ಪ ಗೌಡರ ಸಾಲದಲ್ಲಿದ್ದ. "ಇದೊಂದ್ ಕಿತ ಕಣ್ರಪ್ಪ, ಇನ್ನಿಲ್ಲ" ಅಂತ ಹುಡುಗರ ಮುಂದೆ ಕೈಮುಗಿದು ಹೊರಟ. ನಾನು ಹೈಸ್ಕೂಲು ಮುಗಿಸಿದ್ದೆ. ನಾಚಿಕೆಗೆ ಮನೆಯೊಳಗೇ ಕೂತಿದ್ದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಎತ್ತನ್ನು ಹಳ್ಳದ ದಂಡೆಗೆ ಎಳೆದುಕೊಂಡು ಹೋಗಿ ಚರ್ಮ ಸುಲಿದರು. ಹಳ್ಳದ ದಂಡೆ ಅಂದರೆ ನಮ್ಮ ಕೇರಿಯ ಹಿತ್ತಲು. ಊರಿನ ಸತ್ತದ್ದೆಲ್ಲ ಬೀಳುತ್ತಿದ್ದದ್ದು ಅಲ್ಲೇ.

ಆಗ ರಣಹದ್ದುಗಳಿದ್ದವು. ರಾಮದೇವರ ಬೆಟ್ಟದ ಬಂಡೆಯ ಸಂದುಗಳಲ್ಲಿ ಗೂಡು. 'ಶೋಲೆ' ಸಿನಿಮಾ ತೆಗೆದರಲ್ಲ, ಅದೇ ಬೆಟ್ಟ. ಚರ್ಮ ಸುಲಿದು ಅಪ್ಪ ಕೈ ತೊಳೆಯುವುದರೊಳಗೆ ಆಕಾಶದಲ್ಲಿ ಒಂದು ಚುಕ್ಕೆ ಕಾಣುತ್ತಿತ್ತು, ಆಮೇಲೆ ಹತ್ತು. ಒಂದು ಗಂಟೆಯೊಳಗೆ ಎತ್ತಿನಂಥ ಎತ್ತು ಬರೀ ಎಲುಬು. ವಾಸನೆ ಇಲ್ಲ, ನೊಣ ಇಲ್ಲ. ಎಲುಬು ಆಯುವವನು ಬಂದು ಮೂಟೆ ಕಟ್ಟಿಕೊಂಡು ಹೋದರೆ ಹಳ್ಳದ ದಂಡೆ ಗುಡಿಸಿದ ಹಾಗೆ. ಊರು ಚೊಕ್ಕಟವಾಗಿತ್ತು ಅಂದರೆ ಇಬ್ಬರಿಂದ. ಒಬ್ಬರು ನಾವು, ಇನ್ನೊಂದು ರಣಹದ್ದು. ಊರಿನವರಿಗೆ ಇಬ್ಬರನ್ನು ಕಂಡರೂ ಅಪಶಕುನ.

ಆ ಎತ್ತು ತಿಂದ ಮೇಲೆ ಎರಡು ಮೂರು ದಿನ ಹಳ್ಳದ ಪಕ್ಕದ ಮರದಲ್ಲಿ ಐದಾರು ಹದ್ದು ಕೂತೇ ಇದ್ದವು. ಹಾರಲಿಲ್ಲ. ಕತ್ತು ಎದೆಯ ಮೇಲೆ ಇಳಿಬಿಟ್ಟುಕೊಂಡು, ತೂಕಡಿಸುವ ಮುದುಕರ ಹಾಗೆ ಕೂತಿದ್ದವು. ಆಮೇಲೆ ಒಂದೊಂದಾಗಿ ಕೆಳಗೆ ಬಿದ್ದವು. ನಾಲ್ಕನ್ನು ನಾನೇ ನೋಡಿದೆ.

ಸುದ್ದಿ ಊರೊಳಗೆ ಹೋಯಿತು. ಹದ್ದು ಸತ್ತರೆ ಗೌಡರಿಗೇನು? ಆದರೆ ಹದ್ದು ಸತ್ತದ್ದು ಎತ್ತು ತಿಂದು, ಎತ್ತು ಸತ್ತದ್ದು ಒಂದೇ ರಾತ್ರಿಯಲ್ಲಿ. ಹಾಗಾದರೆ ಎತ್ತಿಗೆ ಯಾರೋ ವಿಷ ಹಾಕಿದ್ದಾರೆ. ಎತ್ತು ಸತ್ತರೆ ಲಾಭ ಯಾರಿಗೆ? ಚರ್ಮ ಯಾರಿಗೋ ಅವರಿಗೆ. ಲೆಕ್ಕ ಸರಿಹೋಯಿತು. ಅಪ್ಪನನ್ನು ಅರಳಿಕಟ್ಟೆಯ ಮುಂದೆ ಕರೆಸಿದರು. "ಏನ್ಲಾ, ನಾಕ್ ದುಡ್ಡಿನ್ ಚರ್ಮಕ್ಕೆ ಲಕ್ಷ್ಮಿಯಂತ ಎತ್ತಿಗೆ ಮದ್ದಿಕ್ಕಿದ್ಯಲ್ಲಲಾ" ಅಂತ ಕೇಳಿದರು. ಅಪ್ಪ, "ಇಲ್ಲ ಬುದ್ಧಿ, ನಮ್ಮಪ್ಪನಾಣೆ ಇಲ್ಲ ಬುದ್ಧಿ" ಅನ್ನುವುದು ಬಿಟ್ಟು ಬೇರೆ ಮಾತು ಆಡಲಿಲ್ಲ. ಎತ್ತಿನ ಬೆಲೆಯನ್ನು ಸಾಲಕ್ಕೆ ಸೇರಿಸಿದರು. ಆ ಸಾಲಕ್ಕೆ ಅಪ್ಪ ಎರಡು ವರ್ಷ ದುಡಿದ. ಅವ್ವನ ಎರಡು ಗುಳಿಗೆ ಮೂರಾಯಿತು.

ಈ ಆರೋಪ ನಮ್ಮಪ್ಪನ ಮೇಲೆ ಮಾತ್ರ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಉತ್ತರ ಭಾರತದ ಚಮ್ಮಾರರ ಮೇಲೆ, ಚರ್ಮದ ಆಸೆಗೆ ದನಗಳಿಗೆ ವಿಷ ಇಕ್ಕುತ್ತಾರೆ ಅಂತ ಸರ್ಕಾರಿ ಕಾಗದಗಳಲ್ಲೇ ಬರೆದಿಟ್ಟಿದ್ದಾರೆ. ದನ ಯಾವ ರೋಗಕ್ಕೆ ಸತ್ತರೂ ಬೆರಳು ಕೇರಿಯ ಕಡೆ. ನಮ್ಮೂರಿನಲ್ಲಿ ಅದೇ ಹಳೇ ನಾಟಕ 1996ರಲ್ಲಿ ಮತ್ತೊಮ್ಮೆ ನಡೆಯಿತು, ಅಷ್ಟೆ.

ಆದರೆ ವಿಷ ಇತ್ತು. ಅದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಎಂಬ ಪಕ್ಷಿವಿಜ್ಞಾನಿ ರಣಹದ್ದುಗಳು ಕತ್ತು ಇಳಿಬಿಟ್ಟು ಕೂತು ಸಾಯುವುದನ್ನು ಕಂಡರು. ಇಡೀ ದೇಶದಲ್ಲಿ ಹಾಗೇ ಆಗುತ್ತಿತ್ತು. 1992ರಿಂದ 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದು ಉಳಿದಿತ್ತು. ಉದ್ದ ಕೊಕ್ಕಿನವು, ಅಂದರೆ ನಮ್ಮ ರಾಮದೇವರ ಬೆಟ್ಟದವು, ನೂರಕ್ಕೆ ಮೂರು. ಏನೋ ಹೊಸ ಅಂಟುಜಾಡ್ಯ ಅಂತ ಮೊದಮೊದಲು ಹುಡುಕಿದರು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕುಯ್ದು ನೋಡಿ, ಕಾರಣ ಪತ್ತೆಹಚ್ಚಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ದನಕ್ಕೆ ನೋವಿಗೆ ಅಂತ ಹಾಕಿದ ಡೈಕ್ಲೋಫೆನಾಕ್. ಸೂಜಿ ಹಾಕಿದ ಕೆಲವೇ ದಿನದಲ್ಲಿ ದನ ಸತ್ತರೆ ಔಷಧಿ ಅದರ ಮಾಂಸದಲ್ಲಿ, ಈಲಿಯಲ್ಲಿ, ಮೂತ್ರಪಿಂಡದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ. ಹೊರಗೆ ಹೋಗಬೇಕಾದ ಯೂರಿಕ್ ಆಮ್ಲ ಒಳಗೇ ಗಟ್ಟಿಯಾಗಿ, ಈಲಿಯ ಮೇಲೆ ಹೃದಯದ ಮೇಲೆ ಸುಣ್ಣ ಬಳಿದ ಹಾಗೆ ಕೂರುತ್ತದೆ. ಎಲ್ಲ ಹೆಣಗಳಲ್ಲೂ ಔಷಧಿ ಇರಬೇಕೆಂದೇನಿಲ್ಲ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಸಾಕು ಅಂತ ಲೆಕ್ಕ ಹಾಕಿದ್ದಾರೆ. ಒಂದು ಎತ್ತಿನ ಮೇಲೆ ಹತ್ತಾರು ಹದ್ದು ಇಳಿಯುತ್ತವೆ. ಜೋಡಿ ಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.

ಇದನ್ನು ನಾನು ಓದಿದ ದಿನ ಅಪ್ಪನಿಗೆ ಹೇಳಲು ಊರಿಗೆ ಹೋದೆ. ಅಷ್ಟು ಹೊತ್ತಿಗೆ ಮೇಷ್ಟ್ರಾಗಿದ್ದೆ. "ಅಪ್ಪ, ಎತ್ತಿಗೆ ಮದ್ದಿಕ್ಕಿದ್ದು ನೀನಲ್ಲ. ಗೌಡರೇ ಹಾಕ್ಸಿದ ಸೂಜಿ ಕಣಪ್ಪ ಹದ್ದು ಕೊಂದದ್ದು" ಅಂದೆ. ಅಪ್ಪ ಬೀಡಿ ಆರಿಸಿ ಸ್ವಲ್ಪ ಹೊತ್ತು ಕೂತ. "ನಂಗ್ ಗೊತ್ತಿತ್ತು, ನಾನಲ್ಲ ಅಂತ" ಅಂದ. ಆಮೇಲೆ, "ಗೌಡ್ರಿಗೆ ಹೇಳಿದ್ಯಾ?" ಅಂತ ಕೇಳಿದ. ಗೌಡರು ತೀರಿಕೊಂಡು ಮೂರು ವರ್ಷವಾಗಿತ್ತು.

2006ರಲ್ಲಿ ಸರ್ಕಾರ ದನಗಳಿಗೆ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಮೆಲಾಕ್ಸಿಕ್ಯಾಂ ಎಂಬ ಬೇರೆ ನೋವಿನ ಔಷಧಿ ಹದ್ದಿಗೆ ಅಪಾಯವಿಲ್ಲ ಅಂತ ಆಗಲೇ ಗೊತ್ತಾಗಿತ್ತು. ಆದರೂ ಮನುಷ್ಯರ ಹೆಸರಿನ ದೊಡ್ಡ ಬಾಟಲಿಗಳು ದನದ ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. 2015ರಲ್ಲಿ ಮನುಷ್ಯರ ಸೂಜಿಮದ್ದೂ 3 ಮಿಲಿಲೀಟರಿನ ಒಂದೇ ಸಲದ ಬಾಟಲಿಯಲ್ಲಿ ಮಾತ್ರ ಬರಬೇಕು ಅಂತ ಮಾಡಿದರು. ಡೈಕ್ಲೋಫೆನಾಕಿನ ದಾಯಾದಿ ಅಸೆಕ್ಲೋಫೆನಾಕ್ ದನದ ಮೈಗೆ ಹೋದರೆ ಡೈಕ್ಲೋಫೆನಾಕೇ ಆಗಿಬಿಡುತ್ತದೆ. ಅದನ್ನೂ ಕೀಟೋಪ್ರೊಫೆನನ್ನೂ 2023ರಲ್ಲಿ ದನಗಳಿಗೆ ನಿಷೇಧಿಸಿದರು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ಹದ್ದಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅದು ನಮ್ಮ ಜೊತೆಗಾರ. ಅದಕ್ಕೊಂದು ಬೆಟ್ಟ ಸಿಕ್ಕಿತಲ್ಲ, ಸಂತೋಷ.

ಆದರೆ ಹದ್ದು ಹೋದ ಮೇಲೆ ನಮ್ಮ ಹಿತ್ತಲಲ್ಲಿ ಏನಾಯಿತು ಅಂತಲೂ ಹೇಳಬೇಕು. ಸತ್ತ ದನ ಬೀಳುವುದು ನಿಲ್ಲಲಿಲ್ಲ. ಅಪ್ಪ ಹೊರುವುದು ಬಿಟ್ಟ, ಗೌಡರ ಕಡೆಯವರು ಟ್ರಾಕ್ಟರಿನಲ್ಲಿ ತಂದು ಹಾಕತೊಡಗಿದರು. ಹಾಕಿದ್ದು ಅದೇ ಹಳ್ಳದ ದಂಡೆಗೆ. ತಿಂಗಳುಗಟ್ಟಲೆ ಕೊಳೆಯುತ್ತಿತ್ತು. ಮಳೆ ಬಂದರೆ ಆ ನೀರು ನಮ್ಮ ಬಾವಿಯ ಕಡೆಗೆ. ಹದ್ದಿನ ಜಾಗಕ್ಕೆ ನಾಯಿ ಬಂದವು. ಮಾಂಸ ತಿಂದು ಕೊಬ್ಬಿದ ನಾಯಿಗಳು ಕೇರಿಯೊಳಗೇ ಮಲಗುತ್ತಿದ್ದವು. ನಮ್ಮ ಸಾಲುಮನೆಯ ಒಂದು ಹುಡುಗಿಯ ಕೆನ್ನೆ ಕಿತ್ತವು. ಹುಚ್ಚುನಾಯಿ ಸೂಜಿಗೆ ಅವರಪ್ಪ ಎರಡು ಆಸ್ಪತ್ರೆ ಅಲೆದ. ಹುಡುಗಿ ಬದುಕಿದಳು, ಕೆನ್ನೆಯ ಮೇಲೆ ಕಲೆ ಇದೆ. 2024ರಲ್ಲಿ ಇಯಾಲ್ ಫ್ರಾಂಕ್, ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಹದ್ದುಗಳು ಅಳಿದದ್ದರಿಂದ, ಕೊಳೆತ ಹೆಣ, ಕೆಟ್ಟ ನೀರು, ನಾಯಿಗಳ ಮೂಲಕ, 2000ದಿಂದ 2005ರೊಳಗೆ ನಮ್ಮ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು ಅಂತ ಅವರ ಅಂದಾಜು. ಸತ್ತ ದನವನ್ನು ಯಾರ ಮನೆಯ ಹಿಂದೆ ಹಾಕುತ್ತಾರೆ ಅನ್ನುವುದು ಗೊತ್ತಿರುವವರಿಗೆ, ಆ ಐದು ಲಕ್ಷ ಹೆಚ್ಚಾಗಿ ಯಾವ ಬೀದಿಯವರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯುವುದಕ್ಕೆ ಕೂತದ್ದೇ ಇದಕ್ಕಾಗಿ.

2001ರಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅವ್ವನಿಗೆ ಒಂದು ಸೀರೆ, ಅಪ್ಪನಿಗೆ ಒಂದು ಟವಲು, ಆಮೇಲೆ ಮೆಡಿಕಲ್ ಸ್ಟೋರಿಗೆ ಹೋಗಿ ಹತ್ತು ಹತ್ತು ಗುಳಿಗೆಯ ಮೂರು ಪಟ್ಟಿ ಡೈಕ್ಲೋಫೆನಾಕ್. ಚೀಟಿ ಯಾರೂ ಕೇಳಲಿಲ್ಲ. ಇನ್ನು ಮೇಲೆ ನಮ್ಮವ್ವ ಅಂಗಡಿಯ ಕಟ್ಟೆಯ ಕೆಳಗೆ ನಿಂತು ಸೆರಗು ಒಡ್ಡಬೇಕಾಗಿಲ್ಲ ಅಂತ ನನಗೆ ಎದೆಯುಬ್ಬಿತ್ತು. ತಿಂಗಳು ತಿಂಗಳೂ ತಂದುಕೊಟ್ಟೆ. ಕೂಲಿಗೆ ಹೋಗಬೇಡ ಅಂದರೆ ಕೇಳಲಿಲ್ಲ, ನಾನೂ ಗಟ್ಟಿಯಾಗಿ ಹೇಳಲಿಲ್ಲ. ತಂಗಿಯ ಮದುವೆಯ ಸಾಲ ಇತ್ತು. 2004ರ ಮೇಲೆ ಹದ್ದಿನ ಸುದ್ದಿ ಓದಿದ್ದೆನಲ್ಲ, ಅಪ್ಪನಿಗೆ ವಿವರಿಸಿದ್ದೆನಲ್ಲ, ಅದೇ ದಿನ ನನ್ನ ಚೀಲದಲ್ಲಿ ಅವ್ವನಿಗೆ ಅಂತ ಅದೇ ಗುಳಿಗೆ ಇತ್ತು. ಎರಡಕ್ಕೂ ನಂಟು ಕಟ್ಟುವ ಬುದ್ಧಿ ನನಗೆ ಬರಲಿಲ್ಲ. ಹದ್ದಿನ ಮೂತ್ರಪಿಂಡ ಬೇರೆ, ಮನುಷ್ಯರದು ಬೇರೆ, ನಿಜ. ಹದ್ದಿಗೆ ಒಂದು ಹೊಟ್ಟೆ ಮಾಂಸ ಸಾಕು, ಮನುಷ್ಯರಿಗೆ ಹಾಗಲ್ಲ. ಆದರೆ ದಿನಕ್ಕೆ ಮೂರರಂತೆ ಹನ್ನೆರಡು ಹದಿಮೂರು ವರ್ಷ?

2008ರಲ್ಲಿ ಅವ್ವನಿಗೆ ಮಲ ಡಾಂಬರಿನ ಹಾಗೆ ಕಪ್ಪಾಯಿತು. ಅವಳು ಯಾರಿಗೂ ಹೇಳಲಿಲ್ಲ. ಕಾಫಿ ಗಸಿಯ ಹಾಗೆ ವಾಂತಿ ಮಾಡಿಕೊಂಡ ದಿನ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಹೊಟ್ಟೆಯಲ್ಲಿ ಹುಣ್ಣು ಒಡೆದು ರಕ್ತ ಸೋರುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡವೂ ಕೆಟ್ಟಿದೆ ಅಂತ ಬಂತು. ಡ್ಯೂಟಿಯ ಹುಡುಗಿ ಡಾಕ್ಟರು ಅವ್ವನ ಮಂಚದ ಮೇಲೇ ಕೂತು, ಅವಳ ಕೈ ಹಿಡಿದುಕೊಂಡು ಕೇಳಿದಳು. "ಅಜ್ಜಿ, ನೋವಿನ ಮಾತ್ರೆ ಏನಾದ್ರೂ ತಗೋತಿದ್ರಾ?"

ಅವ್ವನಿಗೆ ಖುಷಿಯಾಯಿತು. ಅಷ್ಟು ದೊಡ್ಡ ಡಾಕ್ಟರು ಕೈ ಹಿಡಿದು ಮಾತಾಡಿಸಿದ್ದಕ್ಕೆ. "ಊ ಕಣವ್ವ" ಅಂದಳು. "ನನ್ ಮಗ ಕೆಲ್ಸಕ್ ಸೇರ್ದಾಗ್ಲಿಂದ ಒಂದ್ ತಿಂಗ್ಳೂ ತಪ್ಸಿಲ್ಲ. ಅವ್ನೇ ತಂದ್ ಕೊಡ್ತಾನೆ. ಅಗೋ ಅವ್ನೇ, ಮೇಷ್ಟ್ರು."

ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು.

ಮೂತ್ರಪಿಂಡ ಕೆಟ್ಟದ್ದು ಗುಳಿಗೆಯಿಂದಲೇ ಅಂತ ಆಮೇಲೂ ಯಾರೂ ಬರೆದುಕೊಡಲಿಲ್ಲ. ಬಿ.ಪಿ. ಕೂಡ ಇತ್ತು, ಅದಕ್ಕೆ ಯಾವತ್ತೂ ಮದ್ದು ಕೊಡಿಸಿರಲಿಲ್ಲ. ಈ ಗುಳಿಗೆ ಬಿ.ಪಿ.ಯನ್ನೂ ಏರಿಸುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಹೃದಯದ ಕಾಯಿಲೆ ಇದ್ದವರು, ಪಾರ್ಶ್ವವಾಯು ಹೊಡೆದವರು ಇದನ್ನು ತೆಗೆದುಕೊಳ್ಳಬಾರದು ಅಂತ ಯೂರೋಪಿನ ಔಷಧಿ ಸಂಸ್ಥೆ 2013ರಲ್ಲಿ ಎಚ್ಚರಿಸಿತು. ಅವ್ವ 2010ರ ಫೆಬ್ರವರಿಯಲ್ಲಿ ಹೋದಳು. ಕೊನೆಗೆ ಕಾಲು, ಮುಖ ಎಲ್ಲ ಬಾತುಕೊಂಡು, ಉಚ್ಚೆ ನಿಂತು, ಕತ್ತು ಎದೆಯ ಮೇಲೆ ಇಳಿಬಿಟ್ಟುಕೊಂಡು ಕೂತಿರುತ್ತಿದ್ದಳು. ಅಪ್ಪ ಒಂದು ದಿನ ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದ. ಏನೂ ಅನ್ನಲಿಲ್ಲ. ಅವನಿಗೆ ಏನು ನೆನಪಾಯಿತು ಅಂತ ನನಗೆ ಗೊತ್ತು.

ಕೇರಿಯ ಶಾಲೆಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳೇ, ಸಂಘದ ಹುಡುಗರೇ, ಇದನ್ನೊಂದಿಷ್ಟು ನಿಮ್ಮ ಅವ್ವ ಅಪ್ಪಂದಿರಿಗೆ ಓದಿ ಹೇಳಿ. ಗುಳಿಗೆ ಪಟ್ಟಿಯ ಮೇಲೆ ನಿಂತ ಹಾಗೆ ಒಂದು ಕೆಂಪು ಗೆರೆ ಇರುತ್ತದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು. ದೊಡ್ಡವರಿಗೂ ದಿನಕ್ಕೆ 150 ಮಿಲಿಗ್ರಾಂ ಮೀರಬಾರದು, ಅದೂ ಎಷ್ಟು ಕಡಿಮೆ ದಿನ ಸಾಧ್ಯವೋ ಅಷ್ಟು. ಊಟ ಮಾಡಿ ನುಂಗಿದರೆ ಉರಿ ಕಮ್ಮಿ ಅನ್ನಿಸಬಹುದು, ಅಪಾಯ ತಪ್ಪಿತು ಅಂತಲ್ಲ. ಅದು ರಕ್ತಕ್ಕೆ ಸೇರಿಯೂ ಹೊಟ್ಟೆಯ ಕಾವಲು ತೆಗೆಯುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಕುಲ. ಒಂದು ಅಂಗಡಿಯಲ್ಲಿ ಒಂದು, ಇನ್ನೊಂದು ಅಂಗಡಿಯಲ್ಲಿ ಇನ್ನೊಂದು ತಂದು ಎರಡನ್ನೂ ನುಂಗುವವರಿದ್ದಾರೆ. ಪೊಟ್ಟಣ ಕಟ್ಟಿ ಕೊಡುವ ಬಣ್ಣಬಣ್ಣದ ಗುಳಿಗೆಗಳಲ್ಲಿ ಸ್ಟೀರಾಯ್ಡೂ ಸೇರಿರಬಹುದು, ಎರಡೂ ಕೂಡಿದರೆ ಹೊಟ್ಟೆ ಹುಣ್ಣಿಗೆ ದಾರಿ ಹತ್ತಿರ. ದಿನ ತುಂಬುತ್ತಿರುವ ಬಸುರಿಗೆ ಕೊಡಲೇಬಾರದು. ಡೆಂಗಿ ಜ್ವರದ ಅನುಮಾನ ಇದ್ದರೆ ಮುಟ್ಟಲೇಬಾರದು, ರಕ್ತಸ್ರಾವ ಆದೀತು, ಪ್ಯಾರಾಸಿಟಮಾಲ್ ಮಾತ್ರ. ಸಾಧಾರಣ ಮೈಕೈ ನೋವಿಗೂ ಪ್ಯಾರಾಸಿಟಮಾಲೇ ಹೊಟ್ಟೆಗೂ ಮೂತ್ರಪಿಂಡಕ್ಕೂ ಮೇಲು, ಆದರೆ ಅದನ್ನೂ ಲೆಕ್ಕವಿಲ್ಲದೆ ನುಂಗಿದರೆ, ಕುಡಿಯುವವರಾದರಂತೂ, ಈಲಿ ಕೆಡುತ್ತದೆ. ಮಲ ಕಪ್ಪಾದರೆ, ಕಾಲು ಬಾತರೆ, ಉಚ್ಚೆ ಕಮ್ಮಿಯಾದರೆ ನಾಚಿಕೆ ಪಡಬೇಡಿ ಅಂತ ಹೇಳಿ. ನಮ್ಮವ್ವ ನಾಚಿಕೆಪಟ್ಟಳು.

ಇಷ್ಟೆಲ್ಲ ಕಲಿತು ನಾನೇನು ಸಾಧಿಸಿದೆ ಅಂತಲೂ ಹೇಳಿಬಿಡುತ್ತೇನೆ. ಹೋದ ಸುಗ್ಗಿಗೆ ಊರಿಗೆ ಹೋಗಿದ್ದೆ. ನನ್ನ ತಂಗಿ ಈಗ ಐವತ್ತರ ಹತ್ತಿರ. ಗಂಡ ಇಲ್ಲ. ಕೂಲಿ ಅವ್ವನ ಕಾಲದ ಹಾಗಲ್ಲ, ಹೆಚ್ಚಾಗಿದೆ. ಸೊಂಟ ಬಗ್ಗುವುದು ಅಷ್ಟೇ ಇದೆ. ಅವಳ ಎಲೆಚೀಲದಲ್ಲಿ, ಕಡ್ಡಿಪುಡಿಯ ಜೊತೆ, ಕೆಂಪು ಗೆರೆಯ ಪಟ್ಟಿ ಇಣುಕುತ್ತಿತ್ತು. ಹತ್ತರಲ್ಲಿ ನಾಲ್ಕು ಉಳಿದಿದ್ದವು. ಕಿತ್ತುಕೊಂಡೆ. ಅವ್ವನ ಕಥೆ ನಿನಗೆ ಗೊತ್ತಿಲ್ಲವಾ ಅಂತ ಕೂಗಾಡಿದೆ. ಪ್ರೊಸ್ಟಾಗ್ಲಾಂಡಿನ್ನು, ಮೂತ್ರಪಿಂಡ, ಹದ್ದು, ಎಲ್ಲ ಹೇಳಿದೆ. ಅವಳು ಮಂಡಿ ಒತ್ತಿಕೊಳ್ಳುತ್ತ ಪೂರಾ ಕೇಳಿಸಿಕೊಂಡಳು.

"ಆಯ್ತು ಕಣಣ್ಣ, ನುಂಗಲ್ಲ" ಅಂದಳು. "ನಾಳಿಕ್ ಕಳೆಗ್ ನೀನ್ ಬತ್ತೀಯಾ?"

ನಾನು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು, ನನ್ನ ಬೆರಳು ಒಂದೊಂದಾಗಿ ಬಿಡಿಸಿ, ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.